ಮೇಟ್‌ಗೊಂದು ವಿಡಿಯೊ, ಸಾಹೇಬರಿಗೊಂದು ಫೋಟೊ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೆಲಸಕ್ಕೆ ಜನ ಸಿಗುವುದಿಲ್ಲ ಎಂಬ ದೂರು ಹಳೆಯದು. ಮೇಲ್ವಿಚಾರಣೆಗೆ ಜನ ಸಿಗುವುದಿಲ್ಲ ಎಂದು ಯಾರೂ ಈವರೆಗೆ ಗೊಣಗಿದ್ದಿಲ್ಲ. ಕೊನೆಕೊಯ್ಲಿನ ದಿನ ಯಾವ ಅಡಿಕೆ ತೋಟಕ್ಕಾದರೂ ಇಳಿದು ನೋಡಿ. ಮರದ ಮೇಲೆ ಕೊನೆಗೌಡ, ಬುಡದಲ್ಲಿ ಹಗ್ಗ ಹಿಡಿದವನು, ಉದುರು ಹೆಕ್ಕುವ ಹೆಂಗಸರು ಇಬ್ಬರು. ಕವಳ ಹಾಕಿಕೊಂಡು ಬದುವಿನ ಮೇಲೆ ನಿಂತವರು ನಾಲ್ವರು. ಯಾವ ಕೊನೆ ಬಲಿತಿದೆ, ಯಾವುದನ್ನು ಬಿಡಬೇಕು, ಕತ್ತಿ ಎಲ್ಲಿಗೆ ಹಾಕಬೇಕು ಎಂಬುದೆಲ್ಲ ಆ ನಾಲ್ವರಿಗೂ ಗೊತ್ತು. ಮರ ಹತ್ತುವುದೊಂದು ಗೊತ್ತಿಲ್ಲ.

ಈ ವಿದ್ಯೆಯನ್ನು ಅವರಿಗೆ ಯಾವ ಶಿಬಿರವೂ ಕಲಿಸಿದ್ದಲ್ಲ, ಪಹಣಿ ಕಲಿಸಿದ್ದು. ಪಹಣಿಯಲ್ಲಿ ಹೆಸರಿದ್ದವನು ನಿಂತು ನೋಡುತ್ತಿದ್ದ, ಇಲ್ಲದವನು ಬಗ್ಗಿ ಮಾಡುತ್ತಿದ್ದ. 1974ರ ಭೂಸುಧಾರಣೆ ಎಷ್ಟೋ ಪಹಣಿಗಳ ಹೆಸರು ಬದಲಿಸಿತು. ಹೊಸ ಒಡೆಯನೂ ಅದೇ ಬದುವಿನ ಮೇಲೆ ಅದೇ ಭಂಗಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ. ಈಗ ಕಾಲ ಇನ್ನೊಂದು ಸುತ್ತು ತಿರುಗಿದೆ. ಕೊಯ್ಲು ಯಾವತ್ತು ಎಂದು ಕೊನೆಗೌಡ ಫೋನಿನಲ್ಲಿ ದಿನ ಕೊಡುತ್ತಾನೆ, ಒಡೆಯರು ಮನೆಯ ಮದುವೆ ಮುಂಜಿಯನ್ನು ಆ ದಿನ ತಪ್ಪಿಸಿ ಇಟ್ಟುಕೊಳ್ಳುತ್ತಾರೆ. ಯಾರು ಯಾರ ಮೇಲ್ವಿಚಾರಕರು ಎಂದು ಕೇಳಿದರೆ ಒಡೆಯರ ಬಾಯಿಂದ ಉತ್ತರ ಹೊರಡುವುದಿಲ್ಲ, ಬಾಯಲ್ಲಿ ಕವಳ ಇರುತ್ತದೆ.

ಇಂಥ ಸೀಮೆಗೆ ಮೇಲ್ವಿಚಾರಣಾ ಕೌಶಲ ಕಲಿಸಲು ಸರ್ಕಾರ, ಬ್ಯಾಂಕು, ಸಹಕಾರ ಸಂಘ, ಸ್ವಸಹಾಯ ಒಕ್ಕೂಟ ಎಲ್ಲವೂ ಟೊಂಕ ಕಟ್ಟಿವೆ. ಏನು ಕಲಿಸಬೇಕು ಎಂಬ ಬಗ್ಗೆ ಅವರಲ್ಲಿ ಜಗಳವಿಲ್ಲ. ಅದನ್ನು ಯಾರೂ ಕೇಳಿಕೊಂಡಿಲ್ಲ. ಚರ್ಚೆಯೆಲ್ಲ ಯಾವುದರಲ್ಲಿ ಕಲಿಸಬೇಕು ಎಂಬುದರ ಮೇಲೆ. ಕೈಪಿಡಿಯೋ, ಸ್ಲೈಡೋ, ಉಪಗ್ರಹವೋ, ವಾಟ್ಸ್‌ಆ್ಯಪ್ ವಿಡಿಯೊವೋ, ಮೊಬೈಲ್ ಆ್ಯಪ್ಪೋ?

ತರಬೇತಿ ಎಂದರೆ ಹೇಗಿರುತ್ತದೆ ಎಂಬುದು ಈ ಭಾಗದ ಸಂಘಸಂಸ್ಥೆಗಳಲ್ಲಿ ಖುರ್ಚಿ ಸವೆಸಿದವರಿಗೆಲ್ಲ ತಿಳಿದದ್ದೇ. ಹತ್ತಕ್ಕೆ ಎಂದಿದ್ದರೆ ಹನ್ನೊಂದಕ್ಕೆ ದೀಪ ಬೆಳಗುತ್ತದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಮುಖ್ಯ ಅತಿಥಿಗಳು, ಗೌರವಾನ್ವಿತ ಉಪಸ್ಥಿತರು, ಅಧ್ಯಕ್ಷ ಭಾಷಣ. ‘ಸಮಯಪಾಲನೆ’ ಎಂಬ ಮೊದಲ ಅಧಿವೇಶನ ಶುರುವಾಗುವಾಗ ಒಳಗಿನಿಂದ ಸಾಂಬಾರಿನ ಒಗ್ಗರಣೆ ವಾಸನೆ ಬಂದಿರುತ್ತದೆ. ಆಗ ಪರದೆಯ ಮೇಲೆ ಆ ಪಿರಮಿಡ್ ಮೂಡುತ್ತದೆ. ಓದಿದ್ದರಲ್ಲಿ ಶೇ 10 ನೆನಪಿರುತ್ತದೆ, ಕೇಳಿದ್ದರಲ್ಲಿ ಶೇ 20, ನೋಡಿದ್ದರಲ್ಲಿ ಶೇ 30, ಕೈಯಾರೆ ಮಾಡಿದ್ದರಲ್ಲಿ ಶೇ 90. ಓದಿದ್ದು ಶೇ 10 ಮಾತ್ರ ಉಳಿಯುತ್ತದೆ ಎಂಬುದನ್ನು ತರಬೇತುದಾರರು ಪರದೆ ನೋಡಿ ಓದಿ ಹೇಳುತ್ತಾರೆ.

ಈ ಅಂಕಿಗಳ ಜಾತಕ ಸ್ವಾರಸ್ಯವಾಗಿದೆ. ಎಡ್ಗರ್ ಡೇಲ್ ಎಂಬ ಅಮೆರಿಕದ ಪ್ರಾಧ್ಯಾಪಕ 1946ರಲ್ಲಿ ‘ಅನುಭವದ ಶಂಕು’ ಎಂದು ಒಂದು ಚಿತ್ರ ಬರೆದ. ಮಾತಿನಿಂದ ಹಿಡಿದು ನೇರ ಅನುಭವದವರೆಗೆ ಕಲಿಕೆಯ ಬಗೆಗಳನ್ನು ಅದರಲ್ಲಿ ಜೋಡಿಸಿದ. ಅದರಲ್ಲಿ ಒಂದು ಅಂಕಿಯೂ ಇರಲಿಲ್ಲ. ಶೇಕಡಾವಾರುಗಳನ್ನು ಆಮೇಲೆ ಯಾರು ಯಾರೋ ಅಂಟಿಸಿದರು, ಅವುಗಳ ಬೆನ್ನಿಗೆ ಯಾವ ಪ್ರಯೋಗವೂ ಇಲ್ಲ. ಮನುಷ್ಯನ ನೆನಪು ಹತ್ತು, ಇಪ್ಪತ್ತು, ಮೂವತ್ತು ಎಂದು ಅಷ್ಟು ಚೊಕ್ಕವಾಗಿ ಮೆಟ್ಟಿಲೇರುವುದು ನಿಜವೇ ಆಗಿದ್ದರೆ ರಾಶಿ ಅಡಿಕೆ ದರವಾದರೂ ಅದನ್ನು ನೋಡಿ ಕಲಿಯುತ್ತಿತ್ತು. ಆದರೂ ಪಿರಮಿಡ್ ಸಾಯುವುದಿಲ್ಲ. ಹಿಂದಿನ ತರಬೇತುದಾರರ ಪೆನ್‌ಡ್ರೈವಿನಿಂದ ಇಂದಿನವರ ಪೆನ್‌ಡ್ರೈವಿಗೆ ಗುರುಪರಂಪರೆಯಾಗಿ ಇಳಿದು ಬರುತ್ತಲೇ ಇದೆ.

ಮಾಧ್ಯಮಗಳನ್ನು ಎದುರುಬದುರು ನಿಲ್ಲಿಸಿ ನೋಡುವ ಸಂಶೋಧನೆ ಮಾತ್ರ ನಿಜವಾಗಿಯೂ ನಡೆದಿದೆ, ರಾಶಿಗಟ್ಟಲೆ ನಡೆದಿದೆ. ರಿಚರ್ಡ್ ಕ್ಲಾರ್ಕ್ ಎಂಬವರು 1983ರಲ್ಲಿ ಅವನ್ನೆಲ್ಲ ಸೋಸಿ ಒಂದು ಮಾತು ಹೇಳಿದರು. ಮಾಧ್ಯಮ ಎಂಬುದು ದಿನಸಿ ತರುವ ಲಾರಿ ಇದ್ದ ಹಾಗೆ, ಲಾರಿ ಬದಲಿಸಿದರೆ ಉಣ್ಣುವವನ ಮೈಗೆ ಪುಷ್ಟಿ ಬರುವುದಿಲ್ಲ ಎಂಬುದು ಅದರ ತಾತ್ಪರ್ಯ. 1999ರಲ್ಲಿ ಥಾಮಸ್ ರಸೆಲ್ 355 ಅಧ್ಯಯನಗಳನ್ನು ಒಟ್ಟುಹಾಕಿ, ತರಗತಿಯೋ ರೇಡಿಯೊವೋ ಟಿವಿಯೋ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ ಎಂದು ಪುಸ್ತಕವನ್ನೇ ತಂದರು. ಅರಬೈಲು ಘಟ್ಟದಲ್ಲಿ ಮಗುಚಿದ ಲಾರಿಗಳನ್ನು ನೋಡಿಯೇ ದೊಡ್ಡವರಾದ ಯಲ್ಲಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹತ್ತು ವರ್ಷಕ್ಕೊಂದು ಹೊಸ ಲಾರಿ ಬರುತ್ತದೆ. ಬರದೆ ಇರುತ್ತದೆಯೇ? ಲಾರಿಗೆ ಟೆಂಡರ್ ಕರೆಯಬಹುದು. ದಿನಸಿಗೆ ಟೆಂಡರ್ ಕರೆದರೆ ದಿನಸಿ ಏನೆಂದು ಬರೆಯಬೇಕಾಗುತ್ತದೆ.

ಕ್ಲಾರ್ಕ್‌ಗೆ ಎದುರಾಡಿದವರೂ ಇದ್ದಾರೆ. ರಾಬರ್ಟ್ ಕೋಜ್ಮಾ ಎಂಬವರು, ಮಾಧ್ಯಮಕ್ಕೂ ಅದರದೇ ಕಸುವು ಇರುತ್ತದೆ, ಕೆಲವನ್ನು ತೋರಿಸಿಯೇ ತಿಳಿಸಬೇಕು ಎಂದು ವಾದಿಸಿದರು. ನಮ್ಮಲ್ಲಿ ಇಬ್ಬರೂ ಗೆಲ್ಲುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ಮದ್ದನ್ನೇ ತೆಗೆದುಕೊಳ್ಳಿ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಬೇರೆ ಬೇರೆ ಕರಗಿಸಬೇಕು, ಆಮೇಲೆ ಕೂಡಿಸಬೇಕು, ಕತ್ತಿಯ ಅಲಗನ್ನು ಅದ್ದಿ ನೋಡಬೇಕು, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಇದನ್ನು ನಾಲ್ಕು ನಿಮಿಷದ ವಿಡಿಯೊ ಚೆನ್ನಾಗಿಯೇ ಕಲಿಸುತ್ತದೆ. ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಮಲೆನಾಡಿನಲ್ಲಿ ಕೊಳೆರೋಗದ ಬೆನ್ನು ಹತ್ತಿ 1910ರ ಹೊತ್ತಿಗೆ ಮದ್ದು ಹೊಡೆಯುವುದನ್ನು ರೂಢಿಗೆ ತಂದಾಗ ಅವರ ಕೈಯಲ್ಲಿ ವಿಡಿಯೊ ಇದ್ದಿದ್ದರೆ ಒಂದಷ್ಟು ತಿರುಗಾಟ ಉಳಿಯುತ್ತಿತ್ತು.

ಆದರೆ ಇನ್ನೊಂದು ಪಾಠವಿದೆ. ಜೂನ್ ತಿಂಗಳ ಹೊಳವಿನಲ್ಲಿ ಮದ್ದು ಹೊಡೆಯುವವನು ಮರದ ಮೇಲಿದ್ದಾನೆ. ಮೂರನೇ ಸಾಲಿನಲ್ಲಿ ಎರಡು ಮರದ ಕೊನೆ ಒದ್ದೆಯಾಗಲಿಲ್ಲ. ಅದನ್ನು ಅವನಿಗೆ ಹೇಳಬೇಕು. ಹೇಳಿದ್ದು ಕೇಳಿಸಬೇಕು, ಅವನಿಗೆ ಸಿಟ್ಟು ಬರಬಾರದು, ನಾಳೆ ಅವನು ಪಕ್ಕದ ಮನೆಯವರ ತೋಟಕ್ಕೆ ಹೋಗಬಾರದು, ಹೇಳದೆ ಬಿಟ್ಟರೆ ಶ್ರಾವಣದಲ್ಲಿ ಕೊಳೆ ಬರಬಾರದು. ಮೇಲ್ವಿಚಾರಣೆ ಎಂದರೆ ಇಷ್ಟೇ. ಇದಕ್ಕೆ ವಿಡಿಯೊ ಇಲ್ಲ. ಮಾಡಲು ಹೊರಟರೆ ಕ್ಯಾಮೆರಾ ಕಂಡ ಕೂಡಲೇ ಮರದ ಮೇಲಿನವನು ಎರಡೆರಡು ಸಲ ಹೊಡೆಯುತ್ತಾನೆ, ಕೆಳಗಿನವನು ನಗುತ್ತಾ ‘ಶಹಬ್ಬಾಸ್’ ಎನ್ನುತ್ತಾನೆ.

ಇನ್ನು ಉಪಗ್ರಹದ ಕಥೆ. ಇದರ ತುದಿ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿದೆ ಎಂದರೆ ಸಿದ್ದಾಪುರದವರು ಹೆಮ್ಮೆಪಡಬಹುದು, ಪಟ್ಟೇ ಪಡುತ್ತಾರೆ. ದೊಡ್ಮನೆಯಲ್ಲಿ ಹುಟ್ಟಿದ ರಾಮಕೃಷ್ಣ ಹೆಗಡೆಯವರು 1983ರಲ್ಲಿ ಮುಖ್ಯಮಂತ್ರಿಯಾದರು. ಅವರ ಸಂಪುಟದ ಅಬ್ದುಲ್ ನಜೀರ್ ಸಾಬ್, ಊರೂರಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನ್ನಿಸಿಕೊಂಡವರು, ಅಧಿಕಾರವನ್ನು ವಿಧಾನಸೌಧದಿಂದ ಕೆಳಗಿಳಿಸುವ ಪಂಚಾಯತ್ ಕಾನೂನಿಗೆ ಜೀವ ಕೊಟ್ಟರು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆಯಿತು. ಅಲ್ಲಿಯವರೆಗೆ ಇನ್ನೊಬ್ಬರ ಮೇಲ್ವಿಚಾರಣೆಗೆ ಒಳಗಾಗಿಯೇ ಬದುಕಿದ ಸಾವಿರಾರು ಜನ ಒಂದೇ ಬೆಳಿಗ್ಗೆ ಮೇಲ್ವಿಚಾರಕರಾದರು. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಆಮೇಲೆ ಅವರ ಹೆಸರನ್ನು ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಇಟ್ಟರು. ಅಧಿಕಾರ ಕೆಳಗಿಳಿಯಬೇಕು ಎಂದವರ ಹೆಸರಿನಲ್ಲಿ ಪಾಠ ಆಕಾಶಕ್ಕೇರಿತು. ಮೈಸೂರಿನ ಸ್ಟುಡಿಯೊದಿಂದ ಉಪಗ್ರಹಕ್ಕೆ, ಅಲ್ಲಿಂದ ತಾಲ್ಲೂಕು ಪಂಚಾಯ್ತಿಯ ‘ಸಾಮರ್ಥ್ಯ ಸೌಧ’ಕ್ಕೆ.

ಆಕಾಶಪಾಠ ಕನ್ನಡಿಗರಿಗೆ ಹೊಸದೇನಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸಿದ್ದರು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ ಆ ಭಾಗ್ಯ ಸಿಕ್ಕಿತು. ವರ್ಷ ಮುಗಿದ ಕೂಡಲೇ ಎರವಲಿನ ಉಪಗ್ರಹ ವಾಪಸು ಹೋಯಿತು. ಪಂಚಾಯ್ತಿ ಪಾಠಕ್ಕೆ ಬಂದದ್ದು ನಮ್ಮದೇ ಉಪಗ್ರಹ. ಆ ವ್ಯವಸ್ಥೆಯ ಚೆಲುವು ಕೇಳಿ. ಚಿತ್ರ ಒಂದೇ ದಿಕ್ಕಿನಲ್ಲಿ ಹೋಗುತ್ತದೆ, ದನಿ ಮಾತ್ರ ಎರಡೂ ದಿಕ್ಕಿಗೆ. ಅಂದರೆ ಕಲಿಸುವವರು ನಮಗೆ ಕಾಣುತ್ತಾರೆ, ನಾವು ಅವರಿಗೆ ಕಾಣುವುದಿಲ್ಲ. ಎದುರಿಗಿರುವವನು ನಿದ್ದೆ ಮಾಡುತ್ತಿದ್ದಾನೋ ಎದ್ದು ಹೋಗಿದ್ದಾನೋ ನೋಡುವ ವಿದ್ಯೆಯನ್ನು, ಎದುರಿಗೆ ಯಾರಿದ್ದಾರೆಂದು ಕಾಣದವರು ಕಲಿಸಬೇಕು. ‘ಹಲೋ, ಯಲ್ಲಾಪುರ, ಕೇಳಿಸುತ್ತಿದೆಯೇ?’ ‘ಕೇಳ್ತದೆ ಸಾರ್, ನಿಮಗೆ ಕೇಳ್ತದಾ?’ ಪ್ರಶ್ನೋತ್ತರದ ಹೊತ್ತು ಈ ಎರಡು ಪ್ರಶ್ನೆಗಳಲ್ಲೇ ಮುಗಿಯುತ್ತದೆ.

ಉಪಗ್ರಹವನ್ನು ಹಾಸ್ಯ ಮಾಡಿ ರೇಡಿಯೊವನ್ನು ಬಿಟ್ಟರೆ ತಪ್ಪಾದೀತು. ಅದರ ಬಗ್ಗೆ ಹೇಳಲು ಒಳ್ಳೆಯದೇ ಇದೆ. 1956ರಲ್ಲಿ ಪುಣೆ ಕೇಂದ್ರದಿಂದ ಯುನೆಸ್ಕೊ ನೆರವಿನಲ್ಲಿ ಸುಮಾರು 150 ಮರಾಠಿ ಹಳ್ಳಿಗಳಲ್ಲಿ ‘ರೇಡಿಯೊ ಕೂಟ’ಗಳನ್ನು ಕಟ್ಟಿದರು. ಆಗ ನಾವೂ ಮುಂಬಯಿ ಪ್ರಾಂತದಲ್ಲೇ ಇದ್ದೆವು, ಅದೇ ನವೆಂಬರಿನಲ್ಲಿ ಮೈಸೂರಿಗೆ ಸೇರಿದೆವು, ಹೀಗಾಗಿ ಪ್ರಯೋಗ ಇಲ್ಲಿಗೆ ಬರುವಷ್ಟರಲ್ಲಿ ರಾಜ್ಯವೇ ಬೇರೆಯಾಗಿತ್ತು. ಹಳ್ಳಿಯವರು ಕೂತು ಕಾರ್ಯಕ್ರಮ ಕೇಳಬೇಕು, ಮುಗಿದ ಮೇಲೆ ತಮ್ಮೊಳಗೆ ಚರ್ಚಿಸಬೇಕು, ತೋಚಿದ್ದನ್ನು ಪುಣೆಗೆ ಬರೆಯಬೇಕು. ಅಳೆದು ನೋಡಿದಾಗ, ಬರೀ ರೇಡಿಯೊ ಇದ್ದ ಹಳ್ಳಿಗಳಿಗಿಂತ ಕೂಟ ಇದ್ದ ಹಳ್ಳಿಗಳು ತುಂಬ ಮುಂದೆ ಹೋಗಿದ್ದವು. ಕಲಿಸಿದ್ದು ರೇಡಿಯೊ ಆರಿಸಿದ ಮೇಲಿನ ಮಾತುಕತೆ. ಆದರೆ ಮಾತುಕತೆಗೆ ಫೈಲಿನಲ್ಲಿ ಜಾಗವಿಲ್ಲ. ಕೈಪಿಡಿ ಅಚ್ಚಾದರೆ ಬಿಲ್ ಉಳಿಯುತ್ತದೆ. ಉಪಗ್ರಹ ಪಾಠವಾದರೆ ಹಾಜರಿ ಪಟ್ಟಿ ಉಳಿಯುತ್ತದೆ. ಆ್ಯಪ್‌ನಲ್ಲಿ ಪ್ರಮಾಣಪತ್ರ ತಾನಾಗಿಯೇ ಮೂಡುತ್ತದೆ, ಅದೂ ಹೆಸರು ತಪ್ಪಿಲ್ಲದೆ. ಜಗಲಿಯ ಮೇಲೆ ಎಂಟು ಜನ ಒಂದು ತಾಸು ವಾದಿಸಿದರೆ ಕವಳದ ಬಟ್ಟಲು ಖಾಲಿಯಾಗುತ್ತದೆ, ಅಷ್ಟೇ. ಹೀಗಾಗಿ ಯಾವ ಮಾಧ್ಯಮ ಮೇಲು ಎಂಬ ತೀರ್ಪು ಕಲಿಯುವವನ ತಲೆಯಲ್ಲಿ ಆಗುವುದಿಲ್ಲ. ಮೇಲಿನವರಿಗೆ ಯಾವುದನ್ನು ತೋರಿಸಬಹುದು ಎಂಬಲ್ಲೇ ಆಗಿರುತ್ತದೆ.

ಇದು ತೀರಾ ಕಹಿಯಾಯಿತು ಎನ್ನುವವರು ನರೇಗಾದ ‘ಕಾಯಕ ಬಂಧು’ವಿನ ಕಥೆ ಕೇಳಬೇಕು. ಬೇರೆ ರಾಜ್ಯಗಳಲ್ಲಿ ಮೇಟ್ ಎನ್ನುತ್ತಾರೆ, ನಮ್ಮಲ್ಲೂ ಬಾಯಿಮಾತಿನಲ್ಲಿ ಮೇಟೇ. ಹೆಂಗಸರಿಗೆ ಆದ್ಯತೆ ಎಂಬುದು ಒಳ್ಳೆಯ ನಿಯಮ. ಇಂಗುಗುಂಡಿಗೋ ಕಾಲುವೆಗೋ ಗುರುತು ಹಾಕಿಸುವುದು, ಹಾಜರಿ ತೆಗೆಯುವುದು, ಯಾರು ಎಷ್ಟು ಅಗೆದರು ನೋಡುವುದು, ಕುಡಿಯುವ ನೀರು, ನೆರಳು, ಗಾಯಕ್ಕೆ ಔಷಧ ಇದೆಯೇ ಎಂದು ವಿಚಾರಿಸುವುದು ಆಕೆಯ ಕೆಲಸ. ಕಾರ್ಖಾನೆಯಲ್ಲಾದರೆ ಇದಕ್ಕೆ ಫೋರ್‌ಮನ್ ಎಂದು ಹೆಸರು. ಪಶ್ಚಿಮ ಜರ್ಮನಿಯ ನೆರವಿನಲ್ಲಿ 1971ರಲ್ಲಿ ಬೆಂಗಳೂರಿನಲ್ಲಿ ಫೋರ್‌ಮನ್‌ಗಳಿಗಾಗಿಯೇ ಒಂದು ತರಬೇತಿ ಸಂಸ್ಥೆ ಕಟ್ಟಿದರು. ಕಾಯಕ ಬಂಧುವಿಗೆ ಜರ್ಮನಿ ಇಲ್ಲ, ಸ್ಲೈಡ್ ಇದೆ. ‘ಪರಿಣಾಮಕಾರಿ ಸಂವಹನ’, ‘ನಾಯಕತ್ವದ ಗುಣಗಳು’, ‘ಸಂಘರ್ಷ ನಿರ್ವಹಣೆ’.

ಆಕೆಯ ತಂಡದಲ್ಲಿ ಯಾರಿರುತ್ತಾರೆ? ಸೋದರತ್ತೆ ಇರುತ್ತಾರೆ. ಹೋದ ಮಳೆಗಾಲದಲ್ಲಿ ಅಕ್ಕಿ ಕಡ ಕೊಟ್ಟ ಪಕ್ಕದ ಮನೆಯವಳು ಇರುತ್ತಾಳೆ. ಊರ ದೇವಸ್ಥಾನದಲ್ಲಿ ಆಕೆಗಿಂತ ಮೊದಲು ಪ್ರಸಾದ ತೆಗೆದುಕೊಳ್ಳುವ ಮನೆತನದವನಿರುತ್ತಾನೆ, ಅವನಿಗೆ ಆಕೆಯ ಬಾಯಿಂದ ‘ಇನ್ನೂ ಅರ್ಧ ಅಡಿ ಅಗೀಬೇಕು’ ಎಂಬ ಮಾತು ಕೇಳಿ ಅಭ್ಯಾಸವಿಲ್ಲ. ಪಂಚಾಯ್ತಿ ಸದಸ್ಯರೊಬ್ಬರ ತಮ್ಮನೂ ಇರುತ್ತಾನೆ. ಹಾಜರಿಯಲ್ಲಿ ಇರುತ್ತಾನೆ ಎಂದೆ, ಗುಂಡಿಯ ಹತ್ತಿರವಲ್ಲ. ಅಳತೆಯ ಮೇಲೆ ಕೂಲಿ, ಆದ್ದರಿಂದ ಅವನು ಅಗೆಯದ ಮಣ್ಣನ್ನು ಸೋದರತ್ತೆ ಅಗೆಯಬೇಕು. ಸಂಘರ್ಷ ನಿರ್ವಹಣೆಯ ವಿಡಿಯೊ ‘ನಗುಮೊಗದಿಂದ ಮಾತನಾಡಿ’ ಎನ್ನುತ್ತದೆ. ಆ ತಮ್ಮನ ಹೆಸರು ಹೊಡೆದ ಮೇಲೆ ಸದಸ್ಯರ ಮನೆಯಿಂದ ಫೋನ್ ಬಂದರೆ ಯಾವ ಮೊಗದಿಂದ ಮಾತನಾಡಬೇಕೆಂದು ಹೇಳುವುದಿಲ್ಲ. ಕೈಪಿಡಿಯಲ್ಲೂ ಇಲ್ಲ, ಆ್ಯಪ್‌ನಲ್ಲೂ ಇಲ್ಲ. ಅದನ್ನು ಬರೆಯುವ ಧೈರ್ಯ ಬಂದ ದಿನ ಒಂದು ಹಾಳೆಯ ಕರಪತ್ರವೂ ಸಾಕು.

ಹಾಗೆ ಅಷ್ಟೇ ಸಾಕಾದ ಉದಾಹರಣೆಯೂ ಇದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕಕ್ಕೆ ರಾತ್ರಿ ಬೆಳಗಾಗುವುದರೊಳಗೆ ಲಕ್ಷಗಟ್ಟಲೆ ಮೇಲ್ವಿಚಾರಕರು ಬೇಕಾದರು. ಅಲ್ಲಿನ ಸರ್ಕಾರದ ಒಂದು ಕೈ 1944ರಲ್ಲಿ ಮೇಲ್ವಿಚಾರಣೆಯ ಸಮಸ್ಯೆಗಳ ಮೇಲೆ ಚಲನಚಿತ್ರಗಳ ಸಾಲನ್ನೇ ತಯಾರಿಸಿತು. ಕೆಲಸದ ಹೆಂಗಸರನ್ನು ಸಂಭಾಳಿಸುವುದು ಹೇಗೆ ಎಂಬುದಕ್ಕೂ ಒಂದು ಚಿತ್ರವಿತ್ತು. ಇನ್ನೊಂದು ಕೈ ಟಿಡಬ್ಲ್ಯುಐ (ಟ್ರೇನಿಂಗ್ ವಿದಿನ್ ಇಂಡಸ್ಟ್ರಿ) ಎಂಬ ಕಾರ್ಯಕ್ರಮ ನಡೆಸಿತು. ಹತ್ತು ಜನರ ಗುಂಪು, ಎರಡೆರಡು ತಾಸಿನ ಐದು ಕೂಟ, ಜೇಬಿನಲ್ಲಿಟ್ಟುಕೊಳ್ಳುವ ಒಂದು ಕಾರ್ಡು. ಪ್ರತಿಯೊಬ್ಬನೂ ತನ್ನ ಕಾರ್ಖಾನೆಯ ನಿಜವಾದ ತಂಟೆಯೊಂದನ್ನು ತಂದು ಎಲ್ಲರೆದುರು ಬಿಡಿಸಬೇಕು. ಉಳಿದವರು ತಪ್ಪು ಹಿಡಿಯಬೇಕು. ಕಲಿಸಿ ಬಿಟ್ಟರಾಗದು, ಆಮೇಲೆ ಹೋಗಿ ನೋಡಿ ಬರಬೇಕು. 1945ರ ಹೊತ್ತಿಗೆ 16 ಲಕ್ಷಕ್ಕೂ ಹೆಚ್ಚು ಜನ ಹೀಗೆ ಕಲಿತು ಹೊರಬಂದರು. ಯುದ್ಧದ ನಂತರ ಜಪಾನೀಯರು ಈ ಕಾರ್ಡನ್ನು ಹೊತ್ತುಕೊಂಡು ಹೋದರು. ನಾವು ಚಲನಚಿತ್ರದ ಕಡೆಗೇ ಒಲಿದೆವು. ಸಿನಿಮಾ ಎಂದರೆ ನಮಗೆ ಮೊದಲಿನಿಂದಲೂ ಪ್ರೀತಿ.

ದೇಸಿ ತರಬೇತುದಾರರು ಇಲ್ಲಿ ಕೈಯೆತ್ತುತ್ತಾರೆ. ಜರ್ಮನಿ, ಜಪಾನ್ ಏಕೆ, ಶ್ರೀಕೃಷ್ಣನೇ ಜಗತ್ತಿನ ಮೊದಲ ಮ್ಯಾನೇಜರ್ ಎಂಬುದು ಅವರ ಮೊದಲ ಸ್ಲೈಡ್. ಬೇರೆ ಜಿಲ್ಲೆಗಳಲ್ಲಿ ಇದು ನಡೆಯುತ್ತದೆ. ಶಿರಸಿ, ಸಿದ್ದಾಪುರದಲ್ಲಿ ಇದಕ್ಕೆ ಕೈ ಹಾಕಬಾರದು. ಇಲ್ಲಿನ ಸಭೆಯಲ್ಲಿ ನಾಲ್ಕನೇ ಸಾಲಿನಲ್ಲಿ ಕೂತ ಸೊಸೈಟಿ ಗುಮಾಸ್ತ ರಾತ್ರಿ ತಾಳಮದ್ದಲೆಯಲ್ಲಿ ಅರ್ಥ ಹೇಳಿ ಬಂದಿರುತ್ತಾನೆ. ಅವನು ಎದ್ದು ನಿಂತು, ‘ಕೃಷ್ಣ ಇರಲಿ ಸ್ವಾಮಿ, ಶಲ್ಯನ ವಿಚಾರ ಹೇಳಿ. ಕರ್ಣನ ರಥದಲ್ಲಿ ಮುಂದೆ ಕೂತು ಅವನನ್ನೇ ಹಂಗಿಸಿ, ನಡುವೆ ರಥ ಇಳಿದು ಹೋದನಲ್ಲ, ಅಂಥವರ ಕೈಕೆಳಗೆ ನಾವು ಇಪ್ಪತ್ತು ವರ್ಷ ಇದ್ದೇವೆ’ ಎಂದರೆ ತರಬೇತುದಾರರು ಚಹಾ ವಿರಾಮ ಘೋಷಿಸಬೇಕಾಗುತ್ತದೆ. ಯಕ್ಷಗಾನದಿಂದ ನಿಜಕ್ಕೂ ಕಲಿಯುವುದಿದ್ದರೆ ಅದು ಸ್ಲೈಡಿಗೆ ಹತ್ತುವಂಥದ್ದಲ್ಲ. ಶಿರಸಿ ಸೀಮೆಯ ಹೊಸ್ತೋಟ ಮಂಜುನಾಥ ಭಾಗವತರು, 2020ರಲ್ಲಿ ತೀರಿಕೊಂಡವರು, ಕಣ್ಣು ಕಾಣದವರಿಗೂ ಯಕ್ಷಗಾನ ಕಲಿಸಿ ರಂಗಕ್ಕೆ ತಂದರು. ಕುಣಿತ ನೋಡಿಯೇ ಕಲಿಯಬೇಕಾದ ವಿದ್ಯೆ ಎಂದು ಲೋಕವೆಲ್ಲ ನಂಬಿತ್ತು. ಶ್ರವಣ ಮಾಧ್ಯಮವೋ ದೃಶ್ಯ ಮಾಧ್ಯಮವೋ ಎಂದು ಅವರು ಸಮಿತಿ ರಚಿಸಲಿಲ್ಲ.

ಸರ್ಕಾರಕ್ಕೆ ಅಷ್ಟು ಪುರಸೊತ್ತಿಲ್ಲ. ಕಲಿಸಿದ್ದು ತಲೆಗೆ ಹತ್ತಿತೋ ಇಲ್ಲವೋ ಎಂದು ನೋಡಲು ಗುಂಡಿಯವರೆಗೆ ಹೋಗುವ ಬದಲು, ಗುಂಡಿಯನ್ನೇ ಕಚೇರಿಗೆ ತರಿಸಿಕೊಳ್ಳುವ ದಾರಿ ಕಂಡುಕೊಂಡಿತು. ಎನ್‌ಎಂಎಂಎಸ್ ಎಂಬ ಆ್ಯಪ್. ಮೇಟ್ ದಿನಕ್ಕೆರಡು ಸಲ ಕೂಲಿಕಾರರನ್ನು ಸಾಲಾಗಿ ನಿಲ್ಲಿಸಿ, ಜಾಗದ ಗುರುತಿನ ಸಮೇತ ಫೋಟೊ ತೆಗೆದು ಏರಿಸಬೇಕು. 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿ ಕಾಮಗಾರಿ ಬಿಟ್ಟು ಉಳಿದೆಲ್ಲದಕ್ಕೂ ಇದು ಕಡ್ಡಾಯವಾಯಿತು. ನಮ್ಮ ಮೂರು ತಾಲ್ಲೂಕುಗಳ ಕಾಡಿನಲ್ಲಿ ನೆಟ್‌ವರ್ಕ್ ಎಂಬುದು ಸಂಕ್ರಾಂತಿಗೆ ಬರುವ ನೆಂಟ. ಕೊರೊನಾ ಕಾಲದಲ್ಲಿ ಮಕ್ಕಳು ಪಾಠ ಕೇಳಲು ಹತ್ತಿದ ಗುಡ್ಡವನ್ನೇ ಈಗ ಮೇಟ್‌ಗಳೂ ಹತ್ತಿದರು. ಮೇಲ್ವಿಚಾರಕಿ ಗುಡ್ಡದ ನೆತ್ತಿಯಲ್ಲಿ, ಕೆಲಸ ಗುಡ್ಡದ ಬುಡದಲ್ಲಿ. ‘ಹತ್ತಿತನೇ?’ ಎಂದು ಕೆಳಗಿನಿಂದ ಕೂಗು. ‘ಇಲ್ಲೆ, ಸುತ್ತತಾ ಇದ್ದು’ ಎಂದು ಮೇಲಿನಿಂದ ಉತ್ತರ. ಯಾರು ಎಷ್ಟು ಅಗೆದರು ಎಂದು ನೋಡಬೇಕಾದವಳು ಫೋನಿನಲ್ಲಿ ಚಕ್ರ ಸುತ್ತುವುದನ್ನು ನೋಡುತ್ತಿದ್ದಳು.

ಜನ ಬೇಗ ಕಲಿತರು. ಮೇಲ್ವಿಚಾರಣೆಯನ್ನಲ್ಲ, ಆ್ಯಪ್ಪನ್ನು. ದೇಶದಾದ್ಯಂತ ಎಷ್ಟು ಚೆನ್ನಾಗಿ ಕಲಿತರು ಎಂಬುದಕ್ಕೆ 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಹೊರಡಿಸಿದ ಸುತ್ತೋಲೆಯೇ ಅಂಕಪಟ್ಟಿ. ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೊಗಳು ಏರುತ್ತಿವೆ, ಫೋಟೊದ ಫೋಟೊ ತೆಗೆದು ಹಾಕುತ್ತಿದ್ದಾರೆ, ಹಾಜರಿಯಲ್ಲಿ ಹೆಂಗಸರ ಹೆಸರಿದ್ದರೆ ಚಿತ್ರದಲ್ಲಿ ಗಂಡಸರಿದ್ದಾರೆ ಎಂದು ಸಚಿವಾಲಯವೇ ಒಪ್ಪಿಕೊಂಡಿತು. ಪರಿಹಾರವನ್ನೂ ಸೂಚಿಸಿತು. ಇನ್ನು ಮುಂದೆ ಫೋಟೊಗಳ ಮೇಲ್ವಿಚಾರಣೆ ಆಗಬೇಕು. ಗ್ರಾಮ ಪಂಚಾಯ್ತಿಯವರು ನೂರಕ್ಕೆ ನೂರು ಫೋಟೊ ನೋಡಬೇಕು. ತಾಲ್ಲೂಕಿನವರು ಅದರಲ್ಲಿ ಒಂದಿಷ್ಟು, ಜಿಲ್ಲೆಯವರು ಇನ್ನೂ ಕಡಿಮೆ, ರಾಜ್ಯದವರು ಅದಕ್ಕಿಂತಲೂ ಕಡಿಮೆ ನೋಡಿದರೆ ಸಾಕು. ಸಂಬಳ ಏರಿದಂತೆ ನೋಟ ಇಳಿಯುವ ಈ ಪಿರಮಿಡ್‌ನಲ್ಲಿ ಅಂಕಿಗಳಿವೆ, ಡೇಲ್ ಬದುಕಿದ್ದರೆ ಸಂತೋಷಪಡುತ್ತಿದ್ದ.

ಫೋಟೊ ನೋಡುವುದು ಹೇಗೆ ಎಂದು ನೋಡುವವರಿಗೆ ಯಾರಾದರೂ ಕಲಿಸಬೇಕಲ್ಲ. ಅದಕ್ಕೂ ಒಂದು ತರಬೇತಿ ಬಂದರೆ ಆಶ್ಚರ್ಯವಿಲ್ಲ, ವಿಡಿಯೊ ಮೂಲಕವೇ ಬರುತ್ತದೆ. ಹಾಜರಾದವರು ಕೊನೆಯಲ್ಲಿ ಬ್ಯಾನರ್ ಕಾಣುವಂತೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು ಮೇಲೆ ಕಳಿಸಬೇಕು. ಹಿಂದಿನ ತರಬೇತಿಯದನ್ನೇ ಕಳಿಸಿದರೂ ನಡೆದೀತು, ಬ್ಯಾನರ್ ಮೇಲಿನ ತಾರೀಖು ಮಾತ್ರ ಕಾಣದ ಹಾಗೆ ಎತ್ತರದವರನ್ನು ಮುಂದೆ ನಿಲ್ಲಿಸಿದ್ದರೆ.